ಡಬ್ಬಗಳಲ್ಲಿ ಬರುವ ಕಾರು: ಕೇಟರ್‌ಹ್ಯಾಮ್ ಸೆವೆನ್ ಕಿಟ್, ಬಿಚ್ಚಿ ನೋಡಿದಾಗ

ಎಬಿಎಸ್ ಇಲ್ಲ. ಏರ್‌ಬ್ಯಾಗ್ ಇಲ್ಲ. ಪವರ್ ಸ್ಟೀರಿಂಗ್ ಇಲ್ಲ. ಬಾಗಿಲು ಬೇಕೆಂದರೆ ವಿಂಡ್‌ಸ್ಕ್ರೀನ್ ಚೌಕಟ್ಟಿಗೆ ಸಿಕ್ಕಿಸುವ ಎರಡು ವೈನಿಲ್ ತುಂಡು ಕೊಡುತ್ತಾರೆ, ಅದಕ್ಕೂ ಬೇರೆ ದುಡ್ಡು. 2021ರಲ್ಲಿ ಸೆವೆನ್ 170 ಬಂದಾಗ ಇಷ್ಟೆಲ್ಲ ‘ಇಲ್ಲ’ಗಳ ಆರಂಭಿಕ ಬೆಲೆ 22,990 ಪೌಂಡ್. ಅದು ಕಾರಿನ ಬೆಲೆಯೂ ಅಲ್ಲ, ಕಾರಿನ ಬಿಡಿಭಾಗಗಳ ಬೆಲೆ. ಕೂಡಿಸುವುದು ಕೊಂಡವರ ಕೆಲಸ. ಹೀಗಿದ್ದೂ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಡಾರ್ಟ್‌ಫರ್ಡ್‌ನಲ್ಲಿರುವ ಕೇಟರ್‌ಹ್ಯಾಮ್ ಎಂಬ ಈ ಸಣ್ಣ ಕಂಪನಿ 1973ರಿಂದ ಒಂದೇ ಆಕಾರದ ಕಾರು ಮಾರಿಕೊಂಡು ಬದುಕಿದೆ. ಅದರ ಸುತ್ತಮುತ್ತಲಿದ್ದ ದೊಡ್ಡ ಹೆಸರುಗಳು ಎಷ್ಟೋ ಮುಳುಗಿವೆ.

ಈ ವಿಮರ್ಶೆ ಕಾರಿನದ್ದು ಎಷ್ಟೋ ಕಿಟ್‌ನದ್ದೂ ಅಷ್ಟೇ. ಸೆವೆನ್ ಓಡಿಸಲು ಹೇಗಿದೆ ಅಂತ ಹೇಳುವವರಿಗೆ ಕೊರತೆಯಿಲ್ಲ. ಡಬ್ಬ ಬಿಚ್ಚಿದ ಮೇಲೆ ಏನಾಗುತ್ತದೆ, ಎಲ್ಲಿ ಕೈಕೊಡುತ್ತದೆ, ಯಾವ ಆಪ್ಷನ್‌ಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ಹೇಳುವವರು ಕಡಿಮೆ.

ಮೊದಲು ಹಿನ್ನೆಲೆ ಚುಟುಕಾಗಿ. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕಂಪನಿ ಲೋಟಸ್‌ನ ಸ್ಥಾಪಕ ಕಾಲಿನ್ ಚಾಪ್‌ಮನ್ ಸೆವೆನ್ ಕಾರನ್ನು 1957ರಲ್ಲಿ ತಂದ. ಆಗ ಬ್ರಿಟನ್‌ನಲ್ಲಿ ಪೂರ್ತಿ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗಗಳಾಗಿ ಕೊಂಡರೆ ಅದು ತಪ್ಪುತ್ತಿತ್ತು. ಕಿಟ್ ಹುಟ್ಟಿದ್ದು ಪ್ರೀತಿಯಿಂದಲ್ಲ, ತೆರಿಗೆ ಉಳಿಸಲು. 1973ರಲ್ಲಿ ಬಿಡಿಭಾಗಗಳಿಗೂ ಬೀಳುವ ವ್ಯಾಟ್ ತೆರಿಗೆ ಬಂದಾಗ ಆ ಲಾಭ ಹೋಯಿತು. ಲೋಟಸ್‌ಗೂ ಸೆವೆನ್ ಬೇಡವಾಯಿತು. ಆ ವರ್ಷವೇ ಅದನ್ನು ಮಾರುತ್ತಿದ್ದ ಡೀಲರ್, ಕೇಟರ್‌ಹ್ಯಾಮ್‌ನ ಗ್ರಹಾಂ ನರ್ನ್, ಹಕ್ಕು ಕೊಂಡುಕೊಂಡ. ಜೊತೆಗೆ ಬಂದ ಫೈಬರ್ ಬಾಡಿಯ ನಾಲ್ಕನೇ ಸರಣಿಯನ್ನು ಸ್ವಲ್ಪ ದಿನ ಕಟ್ಟಿ, 1974ರಲ್ಲೇ ಬಿಟ್ಟು, ಹಳೆಯ ಮೂರನೇ ಸರಣಿಗೆ ಮರಳಿದ. ಕಂಪನಿಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ ಎನ್ನಬಹುದು. ಹೊಸದು ಹಳೆಯದಕ್ಕಿಂತ ಕೆಟ್ಟದಾಗಿದ್ದರೆ ಹಳೆಯದನ್ನೇ ಮಾರುವ ಧೈರ್ಯ ಎಲ್ಲ ತಯಾರಕರಿಗೂ ಇರುವುದಿಲ್ಲ.

ಅಲ್ಲಿಂದ ಮುಂದೆ ಸೆವೆನ್‌ನ ಅಭಿವೃದ್ಧಿ ಎಂದರೆ ಬಹುಮಟ್ಟಿಗೆ ಬೇರೆಯವರ ಎಂಜಿನ್ ನಿಂತುಹೋದಾಗಲೆಲ್ಲ ಮತ್ತೊಬ್ಬರ ಎಂಜಿನ್ ಹುಡುಕಿದ ಕಥೆ. ಲೋಟಸ್ ಟ್ವಿನ್ ಕ್ಯಾಮ್ ಮುಗಿಯಿತು, ಫೋರ್ಡ್ ಕೆಂಟ್ ಬಂತು. ಫೋರ್ಡ್ ಎಸ್ಕಾರ್ಟ್‌ನ ಹಿಂಬದಿಯ ಆಕ್ಸಲ್ (ಎರಡು ಚಕ್ರ ಜೋಡಿಸುವ ಅಚ್ಚು) ನಿಂತಾಗ ಮಾರಿಸ್ ಇಟಾಲ್‌ನ ಆಕ್ಸಲ್ ತಂದರು. 1980ರ ದಶಕದ ನಡುವಿನಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದು ಕೊಳವೆಯಿಂದ ಜೋಡಿಸುವ ಡಿ ಡಿಯಾನ್ ಸಸ್ಪೆನ್ಷನ್ ಬಂತು, ಅದಕ್ಕೆ ಫೋರ್ಡ್ ಸಿಯೆರಾದ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರಿನ ಪೆಟ್ಟಿಗೆ). 1990ರ ದಶಕದಲ್ಲಿ ರೋವರ್ ಕೆ ಸೀರೀಸ್ ಎಂಜಿನ್. 2005ರಲ್ಲಿ ರೋವರ್ ಮುಚ್ಚಿದಾಗ ಮತ್ತೆ ಫೋರ್ಡ್, ಈ ಸಲ ಸಿಗ್ಮಾ ಮತ್ತು ಡ್ಯುರಾಟೆಕ್. ಫೋರ್ಡ್ ಎಂಜಿನ್ ಮಾದರಿಗಳ ಐದು ಗೇರ್‌ನ ಬಾಕ್ಸ್ ಮಾಜ್ದಾ ಎಂಎಕ್ಸ್-5ನದು, ಡಿಫರೆನ್ಷಿಯಲ್ ಬಿಎಂಡಬ್ಲ್ಯುದು. 170ರ ಎಂಜಿನ್ ಸುಜುಕಿಯ 660 ಸಿಸಿ, ಮೂರು ಸಿಲಿಂಡರ್ ಟರ್ಬೊ. ಕೊಳ್ಳುವವರಿಗೆ ಇದರಿಂದ ಒಂದು ಉಪಕಾರವಿದೆ: ಬ್ರೇಕ್ ಪ್ಯಾಡು, ಕ್ಲಚ್ಚು, ಸೆನ್ಸರ್, ಗೇರ್‌ಬಾಕ್ಸ್ ಸೀಲು ಇವೆಲ್ಲ ಸಾಮಾನ್ಯ ಕಾರಿನ ಅಂಗಡಿಯಲ್ಲೇ ಸಿಗುತ್ತವೆ. ಸಣ್ಣ ತಯಾರಕರು ಸ್ವಂತ ಎಂಜಿನ್ ಮಾಡಲು ಹೋಗಿ ಕೈಸುಟ್ಟುಕೊಂಡ ಉದಾಹರಣೆಗಳ ಮುಂದೆ ಈ ಎರವಲು ಬುದ್ಧಿ ಚೆನ್ನಾಗಿಯೇ ಕಾಣುತ್ತದೆ.

ಎರವಲು ಬಿಟ್ಟು ದೊಡ್ಡ ಹೆಜ್ಜೆ ಇಟ್ಟಾಗ ಏನಾಯಿತು ಎಂಬುದಕ್ಕೆ ಕೇಟರ್‌ಹ್ಯಾಮ್ 21 ಸಾಕ್ಷಿ. 1990ರ ದಶಕದ ನಡುವಿನಲ್ಲಿ ಸೆವೆನ್‌ನ ಅಡಿಗಟ್ಟಿನ ಮೇಲೆ ಪೂರ್ತಿ ಬಾಡಿ ಹೊದಿಸಿ, ಬಾಗಿಲು, ಡಿಕ್ಕಿ ಕೊಟ್ಟು ತಂದ ಚೆಂದದ ಕಾರು ಅದು. ವರ್ಷಕ್ಕೆ 200 ಮಾರಬೇಕೆಂಬ ಲೆಕ್ಕವಿತ್ತು. ಒಟ್ಟು ಮಾರಿದ್ದೇ 50ರೊಳಗೆ. ಅದೇ ಹೊತ್ತಿಗೆ, 1996ರಲ್ಲಿ, ಲೋಟಸ್ ಎಲೀಸ್ ಬಂತು. ಅದರಲ್ಲೂ ರೋವರ್ ಕೆ ಸೀರೀಸ್ ಎಂಜಿನ್ನೇ. ಚಾಸಿಸ್ ಮಾತ್ರ ಅಂಟಿಸಿದ ಅಲ್ಯೂಮಿನಿಯಂನದು, ಎಂಜಿನ್ ನಡುವಿನಲ್ಲಿ. ಅಗಲವಾದ ಹೊಸಿಲು ದಾಟಿ 21ರೊಳಗೆ ಇಳಿಯುವ ಕಷ್ಟವನ್ನು ಎಲೀಸ್ ಎದುರಿಗಿಟ್ಟುಕೊಂಡು ಯಾರು ಪಡುತ್ತಾರೆ? 2023ರಲ್ಲಿ ತೋರಿಸಿದ ಎಲೆಕ್ಟ್ರಿಕ್ ಕೂಪೆ ‘ಪ್ರಾಜೆಕ್ಟ್ ವಿ’ಯನ್ನೂ ಈ ನೆನಪಿಟ್ಟುಕೊಂಡೇ ನೋಡಬೇಕು. ವಿನ್ಯಾಸ ಆಂಟನಿ ಜನರೆಲ್ಲಿಯದು. 55 ಕಿಲೋವಾಟ್ ಅವರ್ ಬ್ಯಾಟರಿ, 1,190 ಕೆಜಿ ಗುರಿ, 80,000 ಪೌಂಡ್‌ಗಿಂತ ಕಡಿಮೆ ಬೆಲೆಯ ಮಾತು. ನೋಡಲು ಸೊಗಸಾಗಿದೆ. 21 ಕೂಡ ಸೊಗಸಾಗಿಯೇ ಇತ್ತು.

ಸೆವೆನ್‌ನ ನಿಜವಾದ ಅಭಿವೃದ್ಧಿ ನಡೆದದ್ದು ಕಳೆಯುವ ದಾರಿಯಲ್ಲಿ. 1992ರ ಜೆಪಿಇ ಇದಕ್ಕೆ ಮೊದಲ ದೊಡ್ಡ ಮಾದರಿ. ಮಾಜಿ ಫಾರ್ಮುಲಾ ಒನ್ ಚಾಲಕ ಜೊನಾಥನ್ ಪಾಮರ್ ಹೆಸರಿನ ಈ ಕಾರಿಗೆ ವಾಕ್ಸ್‌ಹಾಲ್‌ನ 2 ಲೀಟರ್ ಎಂಜಿನ್, ಸುಮಾರು 250 ಎಚ್‌ಪಿ. ವಿಂಡ್‌ಸ್ಕ್ರೀನ್ ಕೂಡ ತೆಗೆದುಹಾಕಿದ್ದರು. ಗಂಟೆಗೆ 60 ಮೈಲಿ ಮುಟ್ಟಲು 3.5 ಸೆಕೆಂಡಿನೊಳಗೆ. 1996ರ ಸೂಪರ್‌ಲೈಟ್ ಅದೇ ತತ್ವವನ್ನು ಕೈಗೆಟಕುವ ಬೆಲೆಗೆ ತಂದಿತು. ಹೀಟರ್, ಸ್ಪೇರ್ ಚಕ್ರ, ಹುಡ್ ಇವನ್ನೆಲ್ಲ ತೆಗೆದು, ಕಡಿಮೆ ಸಾಮಾನಿಗೆ ಹೆಚ್ಚು ದುಡ್ಡು ಕೇಳಿದರು, ಜನ ಕೊಟ್ಟರು.

ಪ್ರಚಾರದ ವಿಷಯಕ್ಕೆ ಬಂದರೆ ಈ ಕಂಪನಿಯಿಂದ ಕಲಿಯಬೇಕಾದದ್ದು ಹೆಚ್ಚಿದೆ. ಜಾಹೀರಾತಿಗೆ ದುಡ್ಡಿಲ್ಲದ ಕಂಪನಿ ಏನು ಮಾಡಬಹುದು? 1967ರ ಬ್ರಿಟಿಷ್ ಟಿವಿ ಸರಣಿ ‘ದಿ ಪ್ರಿಸನರ್’ನಲ್ಲಿ ನಾಯಕ ಓಡಿಸುವುದು ಲೋಟಸ್ ಸೆವೆನ್. ಕೊನೆಯ ಕಂತಿನ ಹೊತ್ತಿಗೆ ಮೊದಲಿನ ಕಾರು ಕೈಯಲ್ಲಿರಲಿಲ್ಲ, ಬದಲಿ ಕಾರನ್ನು ನರ್ನ್ ತಂದುಕೊಡಬೇಕಾಯಿತು. ನರ್ನ್ ಪರದೆಯ ಮೇಲೂ ಕಾಣಿಸಿಕೊಂಡ. ಎರಡು ದಶಕದ ನಂತರ ಕಂಪನಿ ಅದೇ ಬಣ್ಣದಲ್ಲಿ ಪ್ರಿಸನರ್ ಆವೃತ್ತಿಯನ್ನೇ ಮಾರಿತು. 1970ರ ದಶಕದಲ್ಲಿ ಬ್ರಿಟನ್‌ನ ಕೆಲವು ರೇಸ್‌ಗಳಿಂದ ಸೆವೆನ್ ಹೊರಬಿದ್ದಾಗ ‘ರೇಸಿಗೆ ಮೀರಿದ ವೇಗದ ಕಾರು’ ಎಂಬ ಅರ್ಥದ ಟೀ ಶರ್ಟ್ ಅಚ್ಚು ಹಾಕಿಸಿದರು. ನಿಷೇಧವನ್ನೇ ಜಾಹೀರಾತು ಮಾಡಿದ ಇಂಥ ಜಾಣತನಕ್ಕೆ ಟೀ ಶರ್ಟ್‌ನ ಖರ್ಚು ಬಿಟ್ಟರೆ ಬೇರೇನೂ ಬೇಕಿರಲಿಲ್ಲ.

ಆದರೆ ಇವೆಲ್ಲಕ್ಕಿಂತ ದೊಡ್ಡದು 1995ರಲ್ಲಿ ಶುರುವಾದ ಅಕಾಡೆಮಿ ಯೋಜನೆ. ಹಿಂದೆಂದೂ ರೇಸ್ ಲೈಸೆನ್ಸ್ ಪಡೆಯದವರಿಗೆ ಮಾತ್ರ ಪ್ರವೇಶ. ಎಲ್ಲರಿಗೂ ಒಂದೇ ಮಾದರಿಯ ಕಾರು, ಯಾರೂ ಮಾರ್ಪಡಿಸದಂತೆ ಸೀಲ್ ಹಾಕಿದ ಎಂಜಿನ್. ಕಿಟ್ ತೆಗೆದುಕೊಂಡು ನೀವೇ ಕಟ್ಟಿ, ರಸ್ತೆಗೆ ನೋಂದಾಯಿಸಿ, ಲೈಸೆನ್ಸ್ ಪಡೆದು, ಅದೇ ಕಾರನ್ನು ಟ್ರ್ಯಾಕಿಗೆ ಓಡಿಸಿಕೊಂಡು ಹೋಗಿ ರೇಸ್ ಮಾಡಿ, ವಾಪಸ್ ಓಡಿಸಿಕೊಂಡು ಬರಬಹುದು. ವರ್ಷ ಮುಗಿದ ಮೇಲೆ ಅದೇ ಕಾರಿಗೆ ಇನ್ನಷ್ಟು ಭಾಗ ಹಾಕಿಸಿಕೊಂಡು ಮೇಲಿನ ಸರಣಿಗೆ. ಅಂದರೆ ಒಂದು ಸಲ ಬಂದ ಗಿರಾಕಿ ಪ್ರತಿ ವರ್ಷ ಮತ್ತೆ ಬರುತ್ತಾನೆ; ಅವನ ಕಚೇರಿಯವರು, ನೆಂಟರಿಷ್ಟರು ರೇಸ್ ನೋಡಲು ಬಂದು ಅವರಲ್ಲೊಬ್ಬ ಮುಂದಿನ ವರ್ಷ ಹೆಸರು ಬರೆಸುತ್ತಾನೆ. ಸಣ್ಣ ಕಾರು ಕಂಪನಿ ಕಟ್ಟಬೇಕೆಂದಿರುವವರು ಮೋಟಾರ್ ಶೋ ಮಳಿಗೆಯ ಬಾಡಿಗೆ ಕಟ್ಟುವ ಮೊದಲು ಈ ಲೆಕ್ಕ ಹಾಕಿ ನೋಡಲಿ.

ನಮ್ಮ ಕಡೆಯೂ ಈ ಪ್ರಯತ್ನ ಆಗಿದೆ. ಬೆಂಗಳೂರಿನ ಸ್ಯಾನ್ ಸಮೂಹ 1990ರ ದಶಕದ ಕೊನೆಗೆ ತಂದ ಸ್ಯಾನ್ ಸ್ಟಾರ್ಮ್ ಎರಡು ಸೀಟಿನ ಫೈಬರ್ ಬಾಡಿಯ ತೆರೆದ ಕಾರು, ಎಂಜಿನ್ ರೆನೋದ 1.2 ಲೀಟರ್. ಎರವಲು ಎಂಜಿನ್ನಿನ ಬುದ್ಧಿ ಅಲ್ಲೂ ಇತ್ತು. ಸುಮಾರು 60 ಎಚ್‌ಪಿ ಶಕ್ತಿ ಸ್ಪೋರ್ಟ್ಸ್ ಕಾರೆಂಬ ಹೆಸರಿಗೆ ತೆಳುವಾಯಿತು. ಕೊಂಡವರನ್ನು ಒಂದೆಡೆ ಸೇರಿಸುವ ಅಕಾಡೆಮಿಯಂಥದ್ದೂ ಇರಲಿಲ್ಲ.

ಇನ್ನು ಕಿಟ್. ಚಾಸಿಸ್ ಬರುವಾಗ ಅಲ್ಯೂಮಿನಿಯಂ ಹೊದಿಕೆ ಕೂತಿರುತ್ತದೆ. ವೈರಿಂಗ್, ಬ್ರೇಕ್ ಪೈಪು, ಇಂಧನದ ಪೈಪು, ಡ್ಯಾಶ್‌ಬೋರ್ಡು ಜೋಡಿಸಿರುತ್ತವೆ. ಮಿಕ್ಕದ್ದೆಲ್ಲ ರಟ್ಟಿನ ಡಬ್ಬಗಳಲ್ಲಿ: ವಿಶ್‌ಬೋನು (ಚಕ್ರ ಹಿಡಿದಿಡುವ ಕವಲು ತೋಳು), ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಸ್ಟೀರಿಂಗ್ ರ‍್ಯಾಕು, ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ರೇಡಿಯೇಟರ್, ಎಕ್ಸಾಸ್ಟು, ದೀಪ, ಮಡ್‌ಗಾರ್ಡು, ಸೀಟು. ವೆಲ್ಡಿಂಗ್ ಇಲ್ಲ, ಬಣ್ಣ ಬಳಿಯುವುದಿಲ್ಲ. 80ರಿಂದ 100 ಗಂಟೆಯ ಕೆಲಸ ಎಂಬುದು ಕಂಪನಿಯ ಲೆಕ್ಕ. ಪಾನ (ಸ್ಪ್ಯಾನರ್) ಹಿಡಿದು ಅಭ್ಯಾಸವಿರುವವರಿಗೆ ಅದು ಸರಿ. ಮೊದಲ ಸಲದವರು ಅದಕ್ಕಿಂತ ಧಾರಾಳವಾಗಿ ಸಮಯ ಇಟ್ಟುಕೊಳ್ಳಬೇಕು, ಯಾಕೆಂದರೆ ಹೋಗುವ ಹೊತ್ತಿನಲ್ಲಿ ಒಂದು ಭಾಗ ಬೋಲ್ಟು ಬಿಗಿಯುವುದಕ್ಕಲ್ಲ, ಯಾವ ಚೀಲದ ಬೋಲ್ಟು ಎಲ್ಲಿಗೆ ಎಂದು ಹುಡುಕುವುದಕ್ಕೆ. ಡಬ್ಬ ಬಂದ ದಿನವೇ ಪ್ಯಾಕಿಂಗ್ ಪಟ್ಟಿಗೆ ತಾಳೆ ನೋಡಿ, ಬಾರದ ಭಾಗಗಳನ್ನು ಬರೆದು ಕಳಿಸಿ. ಒಂದು ಚಿಕ್ಕ ಬ್ರ್ಯಾಕೆಟ್ ಇಲ್ಲದೆ ವಾರಗಟ್ಟಲೆ ಕೆಲಸ ನಿಲ್ಲುವುದು ಇಲ್ಲಿ ಅಪರೂಪವಲ್ಲ.

ಸಾಮಾನು: ಗಟ್ಟಿಯಾದ ನಾಲ್ಕು ಆಕ್ಸಲ್ ಸ್ಟ್ಯಾಂಡು, ಟ್ರಾಲಿ ಜ್ಯಾಕು, ಸಣ್ಣದೊಂದು ದೊಡ್ಡದೊಂದು ಟಾರ್ಕ್ ರೆಂಚು, ರಿವೆಟ್ ಗನ್ನು, ಒಳ್ಳೆಯ ಡ್ರಿಲ್ ಬಿಟ್‌ಗಳು, ಥ್ರೆಡ್ ಲಾಕ್, ಕಾಪರ್ ಗ್ರೀಸು. ಎಂಜಿನ್ ಎತ್ತುವ ಹೋಯಿಸ್ಟ್ ಮತ್ತು ಅದಕ್ಕೆ ಲೆವೆಲರ್ (ತೂಗುವ ಎಂಜಿನ್ನಿನ ಓರೆ ಹೊಂದಿಸುವ ಸಾಧನ) ಬಾಡಿಗೆಗೆ ಸಾಕು. ಹೋಯಿಸ್ಟಿನ ತೋಳು ಉದ್ದವಿರಬೇಕು. ಸೆವೆನ್‌ನಲ್ಲಿ ಎಂಜಿನ್ ಮುಂದಿನ ಆಕ್ಸಲ್ಲಿಗಿಂತ ಸಾಕಷ್ಟು ಹಿಂದೆ ಕೂರುತ್ತದೆ, ಗಿಡ್ಡ ತೋಳು ಅಲ್ಲಿಗೆ ಮುಟ್ಟದು. ಚಾಸಿಸ್ ಕೆಳಗೆ ಹೋಯಿಸ್ಟಿನ ಕಾಲು ನುಗ್ಗುವಷ್ಟು ಎತ್ತರಕ್ಕೆ ಸ್ಟ್ಯಾಂಡ್ ಇಟ್ಟಿದ್ದೀರಾ ಎಂದು ಎಂಜಿನ್ ಗಾಳಿಯಲ್ಲಿ ತೂಗುವ ಮೊದಲೇ ನೋಡಿಕೊಳ್ಳಿ.

ಪಾನ ಮುಟ್ಟುವ ಮೊದಲು ಬಾಡಿಯ ಅಲ್ಯೂಮಿನಿಯಂ ಅಂಚುಗಳಿಗೆಲ್ಲ ಬಬಲ್ ಶೀಟು, ಟೇಪು ಹಚ್ಚಬೇಕು. ಬೆಲ್ಟಿನ ಬಕಲ್ ತಾಗಿದರೂ ಗೀರು ಬೀಳುತ್ತದೆ. ನಂತರ ಮುಂದಿನ ಸಸ್ಪೆನ್ಷನ್. ಇಲ್ಲಿ ಮೊದಲ ತೊಡಕು ಪೌಡರ್ ಕೋಟಿಂಗ್: ಚಾಸಿಸ್‌ಗೆ ಬಳಿದ ಬಣ್ಣ ಬೋಲ್ಟಿನ ತೂತಿನೊಳಗೂ ಕೂತಿರುತ್ತದೆ. ಬೋಲ್ಟನ್ನು ಸುತ್ತಿಗೆಯಿಂದ ಬಡಿದು ತೂರಿಸಿದರೆ ಮುಂದೊಂದು ದಿನ ತೆಗೆಯಲು ಬರುವುದಿಲ್ಲ. ಸರಿ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬಣ್ಣ ಕೆರೆದು, ತುಸು ಗ್ರೀಸ್ ಸವರಿ, ಆಮೇಲೆ ಬೋಲ್ಟು ಹಾಕಿ. ವಿಶ್‌ಬೋನಿನ ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರು ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬಾರದು. ಬಿಗಿದರೆ ಚಕ್ರ ನೆಲಕ್ಕೆ ಬಂದಾಗ ಬುಷ್ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ, ನೆಲದಿಂದ ಕಾರಿನ ಎತ್ತರವೂ ಸರಿ ಬರುವುದಿಲ್ಲ. ಚಕ್ರ ಹಾಕಿ, ಕಾರು ತನ್ನ ಭಾರಕ್ಕೆ ಕೂತ ಮೇಲೆ ಕೊನೆಯ ಬಿಗಿತ.

ಹೆಡ್‌ಲೈಟ್ ವೈರು ಸಣ್ಣ ವಿಷಯ, ಹೋಗುವ ಹೊತ್ತು ದೊಡ್ಡದು. ದೀಪ ಹಿಡಿದಿರುವ ಕೊಳವೆಯೊಳಗಿಂದ ದಪ್ಪ ವೈರಿನ ಕಟ್ಟು ಹಾಯಬೇಕು, ನಡುವೆ ತಿರುವು ಬೇರೆ. ವೈರಿನ ತುದಿಗಳನ್ನು ಒಂದರ ಹಿಂದೊಂದು ಮೆಟ್ಟಿಲಿನಂತೆ ಜೋಡಿಸಿ ಟೇಪ್ ಸುತ್ತಿ, ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ಮುಂಚೆಯೇ ತೂರಿಸಿಟ್ಟ ದಾರದಿಂದ ಎಳೆಯಬೇಕು. ಒಬ್ಬರು ಎಳೆಯಲು, ಒಬ್ಬರು ಈ ಕಡೆಯಿಂದ ತಳ್ಳಲು. ಒಣ ವೈರನ್ನು ಜೋರಾಗಿ ಎಳೆದು ಹೊದಿಕೆ ಸುಲಿದುಹೋದರೆ ಮಳೆಗಾಲದಲ್ಲಿ ಫ್ಯೂಸ್ ಹಾರುವಾಗ ಗೊತ್ತಾಗುತ್ತದೆ.

ಎಂಜಿನ್ ಇಳಿಸುವುದಕ್ಕೆ ಇಬ್ಬರು ಸಾಲದು, ಮೂವರಿರಲಿ. ಎಂಜಿನ್ನು ಗೇರ್‌ಬಾಕ್ಸು ಕೂಡಿಸಿ, ಗೇರ್‌ಬಾಕ್ಸಿನ ಬಾಲ ಕೆಳಕ್ಕೆ ಮಾಡಿ, ಓರೆಯಾಗಿ ಸೀಟುಗಳ ನಡುವಿನ ಟನೆಲ್‌ನೊಳಗೆ ಜಾರಿಸುತ್ತ, ಲೆವೆಲರ್ ತಿರುಗಿಸುತ್ತ ಮಟ್ಟಕ್ಕೆ ತರಬೇಕು. ಅಕ್ಕಪಕ್ಕ ಸಿಗುವ ಜಾಗ ಬೆರಳಗಲವೂ ಇರುವುದಿಲ್ಲ. ಒಬ್ಬರು ಹೋಯಿಸ್ಟ್ ನೋಡಿಕೊಳ್ಳಬೇಕು, ಒಬ್ಬರು ಕಾಕ್‌ಪಿಟ್ಟಿನಿಂದ ಗೇರ್‌ಬಾಕ್ಸಿನ ಬಾಲ ಹಿಡಿಯಬೇಕು, ಮೂರನೆಯವರ ಕಣ್ಣು ಬಾಡಿಯ ಅಂಚಿನ ಮೇಲೆ. ಇಳಿಸುವ ಮೊದಲು ಮಾಡಿಕೊಳ್ಳಬೇಕಾದದ್ದು ಎರಡು. ಒಂದು, ಗೇರ್‌ಬಾಕ್ಸ್ ಎಣ್ಣೆ: ತುಂಬುವ ತೂತು ಪಕ್ಕದಲ್ಲಿರುವುದರಿಂದ ಟನೆಲ್ ಸೇರಿದ ಮೇಲೆ ಕೈ ಹೋಗುವುದು ಕಷ್ಟ. ಇನ್ನೊಂದು, ಕ್ಲಚ್ಚಿನ ಹೈಡ್ರಾಲಿಕ್ ಪೈಪಿನ ಜೋಡಣೆ ಮತ್ತು ಬ್ಲೀಡ್ ನಿಪ್ಪಲ್ (ಪೈಪಿನ ಗಾಳಿ ಬಿಡಿಸುವ ತಿರುಪು). ಕ್ಲಚ್ ಒತ್ತುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಬೆಲ್‌ಹೌಸಿಂಗಿನೊಳಗಿರುವ ಕಾರಿನಲ್ಲಿ ಅದು ಸೋರಿದರೆ ಎಂಜಿನ್ ಮತ್ತೆ ಹೊರಗೆ.

ಹಿಂಭಾಗದಲ್ಲಿ ಎಲ್ಲರನ್ನೂ ಸತಾಯಿಸುವುದು ಡಿಫರೆನ್ಷಿಯಲ್. ಭಾರದ ವಸ್ತು, ಕೆಳಗಿನಿಂದ ಜ್ಯಾಕಿನ ಮೇಲೆ ಎತ್ತಿ, ಮೇಲಿನ ಉದ್ದ ಬೋಲ್ಟನ್ನು ಅಡ್ಡಲಾಗಿ ತೂರಿಸಬೇಕು. ಚಾಸಿಸ್ ಕಿವಿಗೂ ಡಿಫರೆನ್ಷಿಯಲ್ ಕಿವಿಗೂ ನಡುವೆ ಉಳಿಯುವ ಸಂದನ್ನು ಎರಡೂ ಕಡೆ ವಾಷರ್ ಹಾಕಿ ತುಂಬಿ, ಅದು ಸರಿಯಾಗಿ ನಡುಮಧ್ಯೆ ಕೂರುವಂತೆ ಮಾಡಬೇಕು. ಬೋಲ್ಟು ತೂರುವಾಗ ಒಂದು ವಾಷರ್ ಜಾರಿ ಬೀಳುತ್ತದೆ. ಅದನ್ನು ಎತ್ತಿ ಇಡುವಷ್ಟರಲ್ಲಿ ಆಚೆಯದ್ದು ಬೀಳುತ್ತದೆ. ವಾಷರ್‌ಗಳನ್ನು ದಪ್ಪ ಗ್ರೀಸಿನಿಂದ ಒಂದಕ್ಕೊಂದು ಅಂಟಿಸಿ, ತೆಳು ತಗಡಿನ ಪಟ್ಟಿಯ ತುದಿಗೆ ಟೇಪಿನಿಂದ ಹಿಡಿಸಿ ಸಂದಿಗೆ ತೂರಿಸಿದರೆ ಕೆಲಸ ಸಲೀಸು. ಬೇಸರಪಟ್ಟು ವಾಷರ್ ಕಡಿಮೆ ಹಾಕಿ ಬೋಲ್ಟು ಬಿಗಿದರೆ ಚಾಸಿಸ್ ಕಿವಿಗಳು ಒಳಕ್ಕೆ ಸೆಳೆದು ಬಾಗುತ್ತವೆ, ಮುಂದೆ ಅಲ್ಲೇ ಬಿರುಕು. ಡ್ರೈವ್ ಶಾಫ್ಟ್ ತಳ್ಳುವಾಗ ಎಣ್ಣೆಯ ಸೀಲಿನ ತುಟಿ ಹರಿಯದಂತೆ ನೇರವಾಗಿ ತಳ್ಳಿ. ಹಿಂದಿನ ಹಬ್ ನಟ್ಟಿಗೆ 41 ಮಿಮೀ ಸಾಕೆಟ್ ಮತ್ತು ಸುಮಾರು 270 ನ್ಯೂಟನ್ ಮೀಟರ್ ಬಿಗಿತ ಬೇಕು. ಮನೆಯ ಮಾಮೂಲಿ ಟಾರ್ಕ್ ರೆಂಚ್ ಅಲ್ಲಿಗೆ ಮುಟ್ಟುವುದಿಲ್ಲ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಇರುವ ಅಂಕಿಯೇ ಅಂತಿಮ.

ಎಕ್ಸಾಸ್ಟಿನ ನಾಲ್ಕು ಪೈಪು ಬಾಡಿಯ ಪಕ್ಕದ ತೂತಿನಿಂದ ಹೊರಬಂದು ಕಲೆಕ್ಟರ್‌ಗೆ ಸ್ಪ್ರಿಂಗಿನಿಂದ ಕೂಡುತ್ತವೆ. ಎಂಜಿನ್ ಹೆಡ್ಡಿನ ಕಡೆ ಮೊದಲು ಬಿಗಿದು ಸೈಲೆನ್ಸರನ್ನು ಎಳೆದು ಕೂಡಿಸುವುದು ಸಾಮಾನ್ಯ ತಪ್ಪು. ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಸೈಲೆನ್ಸರ್ ತಾನಾಗಿ ನೇರ ನಿಂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಬನ್ನಿ. ಇಲ್ಲವಾದರೆ ಸೈಲೆನ್ಸರ್ ಹಿಡಿದಿರುವ ರಬ್ಬರ್ ಬಾಬಿನ್ ಕತ್ತರಿಸಿಹೋಗುತ್ತದೆ. ಹೇಗೂ ಅದು ಈ ಕಾರಿನಲ್ಲಿ ಬೇಗ ಸವೆಯುವ ವಸ್ತು, ಜೊತೆಗೊಂದು ಇಟ್ಟುಕೊಳ್ಳಿ. ಕೂಲಂಟ್ ತುಂಬುವಾಗ ಕಾರಿನ ಮೂತಿ ಎತ್ತರ ಮಾಡಿ ಗಾಳಿ ಬಿಡಿಸಿ. ರೇಡಿಯೇಟರ್ ಎಂಜಿನ್ನಿಗಿಂತ ತಗ್ಗಿನಲ್ಲಿದ್ದು, ಗಾಳಿಯ ಗುಳ್ಳೆ ಹೀಟರ್ ಪೈಪಿನಲ್ಲೇ ಸಿಕ್ಕಿಕೊಳ್ಳುತ್ತದೆ. ಟೆಂಪರೇಚರ್ ಮುಳ್ಳು ಸುಮ್ಮನೆ ಕುಣಿಯತೊಡಗಿದರೆ ಇದೇ ಕಾರಣ.

ಕಟ್ಟಿದ ಮೇಲೆ ಕಂಪನಿಯ ತಪಾಸಣೆ, ಆಮೇಲೆ ಬ್ರಿಟನ್ ಸರ್ಕಾರದ ಐವಿಎ ಪರೀಕ್ಷೆ. ಒಂದೊಂದೇ ಕಾರಿಗೆ ಒಪ್ಪಿಗೆ ಕೊಡುವ ವ್ಯವಸ್ಥೆ ಇದು. ಫೇಲಾಗುವುದು ಬಹುತೇಕ ಎಂಜಿನ್ನಿನಿಂದಲ್ಲ, ಚೂಪು ಅಂಚಿನಿಂದ. ಹೊರಗೆ ಮೈ ತಾಗಬಹುದಾದ ಅಂಚುಗಳಿಗೆ ಕನಿಷ್ಠ 2.5 ಮಿಮೀ ತ್ರಿಜ್ಯದ ಗುಂಡು ಇರಬೇಕು. ಸಸ್ಪೆನ್ಷನ್ ನಟ್ಟುಗಳ ಮೇಲೆ ಪ್ಲಾಸ್ಟಿಕ್ ಟೋಪಿ, ಮಡ್‌ಗಾರ್ಡ್ ಅಂಚಿಗೆ ರಬ್ಬರ್ ಪಟ್ಟಿ. ಪರೀಕ್ಷೆ ಮುಗಿಸಿ ಬಂದ ದಿನ ಆ ಟೋಪಿಗಳನ್ನೆಲ್ಲ ಕಿತ್ತೆಸೆಯುವವರೂ ಇದ್ದಾರೆ ಅನ್ನಿ. ಶಬ್ದದ ಮಿತಿ 99 ಡೆಸಿಬೆಲ್. ಇನ್ನೊಂದು, ಸ್ಟೀರಿಂಗ್ ಬಿಟ್ಟಾಗ ತಾನಾಗಿ ನಡುವಿಗೆ ಮರಳಬೇಕು. ಇಷ್ಟು ಹಗುರ ಕಾರಿನಲ್ಲಿ ಮುಂದಿನ ಚಕ್ರದ ಮೇಲೆ ಭಾರವೇ ಕಡಿಮೆ, ಹೊಸ ರ‍್ಯಾಕ್ ಬಿಗಿಯಾಗಿದ್ದರೆ ಮರಳುವುದು ನಿಧಾನ. ಪರೀಕ್ಷೆಗೆ ಹೋಗುವ ಮೊದಲು ಟೋ, ಕ್ಯಾಸ್ಟರ್ (ಮುಂದಿನ ಚಕ್ರಗಳ ಓರೆಕೋನಗಳು) ಸರಿಯಾಗಿ ಅಳೆಸಿರಬೇಕು.

ಭಾರತದಲ್ಲಿ ಇದನ್ನು ಕಟ್ಟಿ ನಂಬರ್ ಪ್ಲೇಟ್ ಹಾಕಿಸುವ ಆಸೆ ಇದ್ದರೆ ಬಿಡಿ. ನಮ್ಮ ಮೋಟಾರು ವಾಹನ ನಿಯಮ 126ರ ಪ್ರಕಾರ ತಯಾರಕರೇ ಮಾದರಿ ವಾಹನವನ್ನು ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಒಪ್ಪಿಗೆ ಪಡೆಯಬೇಕು; ಮನೆಯಲ್ಲಿ ಕೂಡಿಸಿದ ಒಂಟಿ ಕಾರಿಗೆ ಐವಿಎಯಂಥ ದಾರಿ ಆರ್‌ಟಿಒದಲ್ಲಿ ಇಲ್ಲ. ಬ್ರಿಟನ್‌ನಲ್ಲಿ ನೆಲೆಸಿರುವ ನಮ್ಮ ಎಂಜಿನಿಯರುಗಳಿಗೆ, ಅದರಲ್ಲೂ ಮನೆಗೆ ಹೊಂದಿಕೊಂಡ ಗ್ಯಾರೇಜ್ ಇರುವವರಿಗೆ, ಈ ದಾರಿ ತೆರೆದಿದೆ.

ಯಾವ ಮಾದರಿ? ಹೆಸರಿನ ಸಂಖ್ಯೆ ಟನ್ನಿಗೆ ಎಷ್ಟು ಎಚ್‌ಪಿ ಎಂಬುದರ ಅಂದಾಜು. 170ಕ್ಕೆ 84 ಎಚ್‌ಪಿ, ತೂಕ 440 ಕೆಜಿ, ಗಂಟೆಗೆ 60 ಮೈಲಿ ಮುಟ್ಟಲು 6.9 ಸೆಕೆಂಡ್. 1,470 ಮಿಮೀ ಅಗಲದಿಂದಾಗಿ ಜಪಾನಿನ ಕೇ ಕಾರು (ಅತಿ ಸಣ್ಣ ಕಾರು) ನಿಯಮಕ್ಕೂ ಹೊಂದುತ್ತದೆ. 2021ರಲ್ಲಿ ಕಂಪನಿಯನ್ನು ಕೊಂಡ ವಿಟಿ ಹೋಲ್ಡಿಂಗ್ಸ್ ಜಪಾನಿನದೇ ಆದ್ದರಿಂದ ಆ ಮಾರುಕಟ್ಟೆಯ ಮೇಲೆ ಕಣ್ಣು ಸಹಜ. 170ರ ಹಿಂಭಾಗದಲ್ಲಿರುವುದು ಲೈವ್ ಆಕ್ಸಲ್ (ಡಿಫರೆನ್ಷಿಯಲ್ ಅಚ್ಚಿನೊಳಗೇ ಇರುವ ಭಾರದ ಆಕ್ಸಲ್), ಡಿ ಡಿಯಾನ್ ಅಲ್ಲ. ಉಬ್ಬುತಗ್ಗಿನ ತಿರುವಿನಲ್ಲಿ ಹಿಂಭಾಗ ಪುಟಿಯುತ್ತದೆ. ಹಳ್ಳಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡಿಸುವ ಸುಖ ಬೇಕಿದ್ದರೆ ಇದೇ ಸರಿ. 620ರ 310 ಎಚ್‌ಪಿಯಲ್ಲಿ ಆ ಸುಖ ಸಿಗದು, ಅಲ್ಲಿ ಪೆಡಲ್ ಕೆಳಕ್ಕೆ ಹೋದಷ್ಟು ಹೊತ್ತು ನೇರ ರಸ್ತೆಯೇ ಇರುವುದಿಲ್ಲ. ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಒಂದೇ ಕಾರು ಎಂದರೆ 360: ಡ್ಯುರಾಟೆಕ್ 2 ಲೀಟರ್, 180 ಎಚ್‌ಪಿ. 420 ಇನ್ನೂ ಚುರುಕು, ಆದರೆ ಬೆಲೆ ಏರುವಷ್ಟು ಖುಷಿ ಏರುವುದಿಲ್ಲ.

ಆಪ್ಷನ್‌ಗಳಲ್ಲಿ ಕಡ್ಡಾಯ ಎನ್ನಬಹುದಾದವು ಮೂರು: ಕಾರು ಮಗುಚಿದರೆ ತಲೆ ಕಾಯುವ ಟ್ರ್ಯಾಕ್ ಡೇ ರೋಲ್ ಬಾರ್, ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಆರಡಿ ದಾಟಿದವರಿಗೆ ತಗ್ಗಿಸಿದ ನೆಲ. ಅಂಟಿಕೊಳ್ಳುವ ಟೈರ್ ಹಾಕಿ ಟ್ರ್ಯಾಕಿನಲ್ಲಿ ಓಡಿಸುವವರು ಡ್ರೈ ಸಂಪ್ (ಎಂಜಿನ್ ಎಣ್ಣೆಗೆ ಬೇರೆಯೇ ಟ್ಯಾಂಕು) ಹಾಕಿಸಲೇಬೇಕು. ಉದ್ದನೆಯ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪು ಗಾಳಿ ಹೀರಿದರೆ ಬೇರಿಂಗ್ ಸುಡಲು ಹೆಚ್ಚು ಹೊತ್ತು ಬೇಡ. ಹಿಂದಿನ ಮಡ್‌ಗಾರ್ಡಿನ ಮುಂಭಾಗಕ್ಕೆ ಕಲ್ಲಿನೇಟು ತಡೆಯುವ ಹೊದಿಕೆ ಹಾಕಿಸಿ, ಮುಂದಿನ ಚಕ್ರ ಎಸೆಯುವ ಜಲ್ಲಿಯೆಲ್ಲ ಅಲ್ಲಿಗೇ ಬರುತ್ತದೆ. ಚರ್ಮದ ಸೀಟು, ಕಾರ್ಬನ್ ಡ್ಯಾಶ್‌ಬೋರ್ಡು ಬೇಡ. ಎತ್ತರ, ದಪ್ಪ ಮೈಕಟ್ಟಿನವರು ಅಗಲ ಚಾಸಿಸ್‌ನ ಎಸ್‌ವಿ ನೋಡಬಹುದು. ಸಾಮಾನ್ಯ ಮೈಕಟ್ಟಿಗೆ ಕಿರಿದಾದ್ದೇ ಚೆನ್ನ. ಹೇಗಿದ್ದರೂ ಬೂಟು ಮಾತ್ರ ಕಿರಿದಾಗಿರಲಿ, ಅಗಲ ಬೂಟು ಒಟ್ಟಿಗೆ ಎರಡು ಪೆಡಲ್ ತುಳಿಯುತ್ತದೆ.

ಟೈರ್ ಅಂಗಡಿಯಲ್ಲಿ ಹುಷಾರು. ಈ ಕಾರಿಗೆ ಗಾಳಿ 18ರಿಂದ 20 ಪಿಎಸ್‌ಐ ಸಾಕು. ಅಭ್ಯಾಸಬಲದಿಂದ ಯಾರಾದರೂ 32 ಹಾಕಿದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಹಿಡಿತವನ್ನೇ ಕಾಣುವುದಿಲ್ಲ. ಕಳ್ಳತನ ತಡೆಯುವ ಇಮೊಬಿಲೈಸರ್ ಸಣ್ಣ ಬ್ಯಾಟರಿಯನ್ನು ಮೆಲ್ಲಗೆ ಹೀರುತ್ತಿರುತ್ತದೆ, ನಿಲ್ಲಿಸಿಟ್ಟ ಕಾರಿಗೆ ಬ್ಯಾಟರಿ ಕಂಡಿಷನರ್ ಹಾಕಿಡಬೇಕು. ಕಟ್ಟಿದ ಮೊದಲ ಕೆಲವು ನೂರು ಮೈಲಿಯ ನಂತರ ಪ್ರತಿಯೊಂದು ನಟ್ಟನ್ನೂ ಪಾನ ಹಾಕಿ ನೋಡಬೇಕು. ಬಿಗಿದಾಗ ಹಾಕಿದ ಬಣ್ಣದ ಗೆರೆ ಸರಿದಿದೆಯೇ ಎಂದು ನೋಡುವುದು ಸುಲಭ ದಾರಿ.

ಎಲೆಕ್ಟ್ರಿಕ್ ಸೆವೆನ್ ಬಗ್ಗೆ ಒಂದೇ ಮಾತು. 2023ರ ಇವಿ ಸೆವೆನ್ ಪ್ರಯೋಗಕ್ಕೆ ಕಂಪನಿ ಇಟ್ಟುಕೊಂಡ ಗುರಿ 20 ನಿಮಿಷ ಟ್ರ್ಯಾಕಿನಲ್ಲಿ ಓಟ, 15 ನಿಮಿಷ ಚಾರ್ಜು, ಮತ್ತೆ 20 ನಿಮಿಷ ಓಟ. ತೂಕ 700 ಕೆಜಿಯೊಳಗೆ. ಪೆಟ್ರೋಲ್ ಸೆವೆನ್‌ಗೆ ಒಗ್ಗಿದವರಿಗೆ ಅದೂ ಭಾರವೇ, ಆದರೂ ಮೊದಲ ಪ್ರಯತ್ನಕ್ಕೆ ಪ್ರಾಮಾಣಿಕ ಲೆಕ್ಕ.

ಹೊಸ ಕಿಟ್‌ಗೆ ಕಾಯಲಾರದವರು ಹಳೆಯದನ್ನು ನೋಡುವಾಗ ಮೊದಲು ಹಿಂದಿನ ಚಕ್ರ ಎತ್ತಿಸಿ ಡಿ ಡಿಯಾನ್ ಕೊಳವೆಯನ್ನು ಅಕ್ಕಪಕ್ಕ ಅಲ್ಲಾಡಿಸಿ. ಕಟಕಟ ಎಂದರೆ ಆ ಕೊಳವೆಯನ್ನು ಹಿಡಿದಿರುವ ಎ ಫ್ರೇಮಿನ ಬುಷ್ ಹೋಗಿದೆ. ಕಾರಿನ ಹೊಟ್ಟೆಯಡಿ ನೀರು ಮಣ್ಣಿಗೆ ಸಿಗುವ ಜಾಗ ಅದು, ಸವೆಯುವುದು ಸಹಜ, ದುಬಾರಿಯೂ ಅಲ್ಲ. ರೋವರ್ ಕೆ ಸೀರೀಸ್ ಆದರೆ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆದು ಎಣ್ಣೆಯ ಪಸೆ ಇದೆಯೇ ನೋಡಿ. ಅದರಲ್ಲಿ ಕೂಲಂಟಿನ ಪ್ರಮಾಣವೇ ಕಡಿಮೆ, ಥರ್ಮೋಸ್ಟಾಟ್ ತೆರೆದಾಗ ತಣ್ಣೀರು ಒಮ್ಮೆಲೇ ನುಗ್ಗಿ ಹೆಡ್ ಗ್ಯಾಸ್ಕೆಟ್ಟಿಗೆ ಏಟು. ಸಂಪಿನ (ಎಂಜಿನ್ ಎಣ್ಣೆಯ ತಟ್ಟೆಯ) ತಳ ತಡವಿ ನೋಡಿ, ರಸ್ತೆಯ ಉಬ್ಬಿಗೆ ಮೊದಲು ತಾಗುವುದು ಅದೇ. ಕೊನೆಗೆ ಬಾನೆಟ್ ತೆಗೆದು ಮುಂದಿನ ವಿಶ್‌ಬೋನು ಕೂತಿರುವ ಚಾಸಿಸ್ ಪೈಪುಗಳ ಮೇಲೆ ಟಾರ್ಚ್ ಬಿಡಿ. ಪೌಡರ್ ಕೋಟಿಂಗ್ ಸಿಪ್ಪೆಯೆದ್ದಿದ್ದರೆ, ಪೈಪು ಗೆರೆ ತಪ್ಪಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ ಮುಂದಿನ ಕಾರು ನೋಡಲು ಹೋಗಿ. ಆ ಪೈಪು ಬದಲಿಸಬೇಕಾದರೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಹೊದಿಕೆಯನ್ನು ಸುಲಿಯಬೇಕು, ಸುಲಿದ ಹೊದಿಕೆ ಮತ್ತೆ ಕೂರುವುದಿಲ್ಲ, ಹೊಸದೇ ಬೇಕು.